ಚಳ್ಳಕೆರೆ–ಮೊಳಕಾಲ್ಮುರು ತಾಣಗಳಲ್ಲಿ ವೀಲ್‌ಚೇರ್ ಪ್ರವೇಶ

ಚಳ್ಳಕೆರೆ ಮತ್ತು ಮೊಳಕಾಲ್ಮುರು ಚಿತ್ರದುರ್ಗ ಜಿಲ್ಲೆಯ ಗಡಿ ತಾಲ್ಲೂಕುಗಳು. ಬಂಡೆ ಬೆಟ್ಟಗಳ ಸೀಮೆಯೆಂದ ಕೂಡಲೇ ಇಲ್ಲಿ ವೀಲ್‌ಚೇರ್‌ಗೆ ದಾರಿಯಿಲ್ಲ ಎಂದುಕೊಳ್ಳುವವರೇ ಹೆಚ್ಚು. ಆದರೆ ಎರಡೂ ತಾಲ್ಲೂಕುಗಳ ಬಹುಭಾಗ ಬಯಲು. ನೋಡಲೇಬೇಕಾದ ಹಲವು ತಾಣಗಳಿರುವುದು ಬೆಟ್ಟದ ಬುಡದಲ್ಲಿ. ಅಲ್ಲಿ ಕುರ್ಚಿಯನ್ನು ತಡೆಯಬಲ್ಲದ್ದು ಏರು ಅಲ್ಲ, ಕೊನೆಯ ಹತ್ತಿಪ್ಪತ್ತು ಮಾರಿನ ದಾರಿ: ಕಲ್ಲುಮಣ್ಣಿನ ಕಾಲುದಾರಿ, ಎರಡು ಮೆಟ್ಟಿಲು, ಒಂದು ಹೊಸ್ತಿಲು.

ಮೊಳಕಾಲ್ಮುರು ತಾಲ್ಲೂಕಿನ ಅಶೋಕನ ಶಾಸನಗಳನ್ನೇ ನೋಡಬಹುದು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಮೂರರಲ್ಲಿ ಬ್ರಹ್ಮಗಿರಿಯದು ಬೆಟ್ಟದ ಬುಡದ ಒಂದು ಗುಂಡಿನ ಮೇಲಿದೆ. ಊರವರು ಅದನ್ನು ಅಕ್ಷರಗುಂಡು ಎಂದು ಕರೆದರು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಒಂದು ಮೈಲಿ ದೂರದ ಸಿದ್ದಾಪುರದ ಶಾಸನವೂ ತಗ್ಗಿನಲ್ಲೇ ಇದೆ. ಅಕ್ಷರಗುಂಡಿನ ಬರಹವಿರುವ ಮುಖ ಗೋಡೆಯಂತೆ ನಿಂತಿಲ್ಲ, ಹೆಚ್ಚುಕಡಿಮೆ ಮಲಗಿದೆ. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ನಾಲ್ಕಡಿಯ ಆಸುಪಾಸಿನಲ್ಲಿರುತ್ತದೆ. ಬ್ರಾಹ್ಮಿಯ ಸಾಲುಗಳೂ, ಲಿಪಿಕಾರ ಚಪಡ ಕೊನೆಯಲ್ಲಿ ಖರೋಷ್ಠಿ ಲಿಪಿಯಲ್ಲಿ ಬರೆದ ಒಂದೇ ಒಂದು ಪದವೂ ಕಣ್ಣಿಗೆ ಬೀಳಬೇಕಾದರೆ ಕುರ್ಚಿ ಬಂಡೆಯ ಅಂಚಿಗೇ ಬರಬೇಕು. ದೂರದಿಂದ ಕಾಣುವುದು ಬರಿಯ ಕಲ್ಲು. ಮನಸ್ಸಿಟ್ಟು ಪ್ರಯತ್ನಿಸಿದರೆ ದೊಡ್ಡವರಂತೆ ಸಣ್ಣವರೂ ಸ್ವರ್ಗ ಪಡೆಯಬಲ್ಲರು, ಗಡಿಯಾಚೆಯವರಿಗೂ ಇದು ತಿಳಿಯಲಿ ಎಂಬ ಅಶೋಕನ ಸಂದೇಶ ಪ್ರಾಂತ್ಯದ ಕೇಂದ್ರವಾದ ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಾದ ಮಹಾಮಾತ್ರರಿಗೆ ಬಂದದ್ದು ಇಲ್ಲಿಗೇ. ಎಲ್ಲರಿಗೂ ಮುಟ್ಟಲೆಂದು ಕೊರೆಸಿದ ಮಾತಿನ ಎದುರು ಯಾರನ್ನಾದರೂ ಹೊರಗೆ ನಿಲ್ಲಿಸುವುದು ಆ ಮಾತಿಗೇ ಅಪಚಾರ.

ಮೂರನೆಯದಾದ ಜಟಿಂಗರಾಮೇಶ್ವರದ ಕಥೆ ಬೇರೆ. ರಾವಣನೊಡನೆ ಕಾದಾಡಿ ಜಟಾಯು ಬಿದ್ದ ಜಾಗವೆಂದು ನಂಬಲಾದ ಈ ಬೆಟ್ಟ ಸಮುದ್ರಮಟ್ಟದಿಂದ 3,469 ಅಡಿ ಎತ್ತರವಿದ್ದು, ಮೇಲಿನ ಗುಡಿಗೆ ಮೆಟ್ಟಿಲು ಹತ್ತಿ ಹೋಗಬೇಕು. ಶಾಸನದ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಚಪ್ಪರದ ಕಂಬ ನೆಡಲು ಕೊರೆದ ಕುಳಿಗಳು ಬಂಡೆಯಲ್ಲಿವೆ, ಕಾಲ್ತುಳಿತಕ್ಕೆ ಅಕ್ಷರಗಳು ಬಹಳ ಸವೆದಿವೆ. ನಮ್ಮ ದೇಶದ ಮಾನದಂಡದಂತೆ ರ್‍ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ನೂರು ಮೀಟರ್ ಏರಲು 1,200 ಮೀಟರ್ ರ್‍ಯಾಂಪ್ ಬೇಕು, ನಡುನಡುವೆ ತಂಗಲು ಸಮತಟ್ಟು ಜಾಗ ಬೇರೆ. ಇಂಥ ಬೆಟ್ಟದ ನೆತ್ತಿಗೆ ವೀಲ್‌ಚೇರ್ ಹಾದಿಯ ಭರವಸೆ ಕೊಡುವುದಕ್ಕಿಂತ ಶಾಸನದ ಅಚ್ಚುಪ್ರತಿಯನ್ನು ತಪ್ಪಲಿನಲ್ಲಿ, ಕೈಯಿಂದ ಮುಟ್ಟಿ ನೋಡುವ ಎತ್ತರದಲ್ಲಿ ಇಡುವುದು ಪ್ರಾಮಾಣಿಕ ಕೆಲಸ.  ನಡಿಗೆ ಎಷ್ಟು, ಮೆಟ್ಟಿಲು ಇವೆಯೇ, ವೀಲ್‌ಚೇರ್ ಹೋಗುತ್ತದೆಯೇ ಎಂದು ಬೆಟ್ಟದ ಬುಡದಲ್ಲಿ ಬರೆದಿಡಲು ಒಂದು ಫಲಕ ಸಾಕು.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು, 2017ರಲ್ಲಿ ನಿಯಮಗಳು ಬಂದ ಐದು ವರ್ಷದೊಳಗೆ ಸುಗಮಗೊಳಿಸಬೇಕಿತ್ತು. ಸುಗಮತೆಯ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಕೂಡದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಹೇಳಿತು. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್‌ನಲ್ಲಿ ಹೊಸ ಕಟ್ಟಡ ನಿಷಿದ್ಧ. ಪುರಾತತ್ವ ತಾಣಗಳಲ್ಲಿ ಕೈಕಟ್ಟಿ ಕೂರಲು ಇದೊಂದು ನೆಪವಾಗಬಾರದು. 2001ರ ಜನವರಿಯಲ್ಲಿ ವೀಲ್‌ಚೇರ್ ಬಳಸುತ್ತಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರ್ ಮೊದಲಾದ ಕಡೆ ಮರದ ತಾತ್ಕಾಲಿಕ ರ್‍ಯಾಂಪ್ ಹಾಕಲಾಗಿತ್ತು. ಕಲ್ಲಿಗೆ ಮೊಳೆ ತಾಗಿಸದೆ ಇಟ್ಟು ತೆಗೆಯಬಹುದಾದ ಅಂಥದೇ ಹಲಗೆ ಅಕ್ಷರಗುಂಡಿಗೂ ಒಗ್ಗುತ್ತದೆ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ಒಳಮಠ, ಹೊರಮಠಗಳೆರಡೂ ಊರಿನ ಮಟ್ಟದಲ್ಲೇ ಇವೆ. ಅರ್ಧ ಅಡಿಯ ಹೊಸ್ತಿಲನ್ನು ದಾಟಿಸಲು ಆರಡಿಯ ರ್‍ಯಾಂಪ್ ಸಾಕಾಗುತ್ತದೆ. ಬೀದಿ ತುಳಿದ ಗಾಲಿ ಗುಡಿಯೊಳಗೆ ಬರಬಾರದೆಂಬ ಭಾವನೆ ಇರುವ ಕಡೆ ಗುಡಿಯದೇ ಒಂದು ಕುರ್ಚಿಯನ್ನು ಒಳಬಳಕೆಗೆ ಮೀಸಲಿಟ್ಟರಾಯಿತು. ಭಕ್ತರನ್ನು ಹೆಗಲ ಮೇಲೆ ಹೊರುವ ಪ್ರಸಂಗವೇ ಬರುವುದಿಲ್ಲ. ಫಾಲ್ಗುಣದ ತೇರಿನ ದಿನ ಲಕ್ಷಗಟ್ಟಲೆ ಜನ ಸೇರುವುದರಿಂದ ಆ ಹೊತ್ತಿನಲ್ಲಿ ಕುರ್ಚಿಯವರಿಗೆ ಪ್ರತ್ಯೇಕ ಕಟಾಂಜನದ ಜಾಗವಿಲ್ಲದೆ ತೇರು ನೋಡುವುದು ಅಪಾಯ. ಭಾದ್ರಪದದ ಗೌರಸಮುದ್ರ ಮಾರಮ್ಮನ ಜಾತ್ರೆ ನಡೆಯುವುದು ಊರಾಚೆಯ ಬಯಲಿನಲ್ಲಿ. ಅಲ್ಲಿ ಮೆಟ್ಟಿಲಿನ ತೊಡಕಿಲ್ಲ, ಆದರೆ ಮಳೆ ಬಿದ್ದರೆ ಮುಂದಿನ ಸಣ್ಣ ಗಾಲಿಗಳು ಮಣ್ಣಿನಲ್ಲಿ ಹೂತುಕೊಳ್ಳುತ್ತವೆ.

ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಗುಣಿಮಗ್ಗ ನೆಲಮಟ್ಟದಲ್ಲಿರುವುದರಿಂದ ಕುಳಿತೇ ನೋಡಲು ಅನುಕೂಲ. ಮಗ್ಗದ ಮನೆಯ ಬಾಗಿಲು 90 ಸೆಂಟಿಮೀಟರ್ ಅಗಲವಿದ್ದರೆ ಕುರ್ಚಿ ಸಲೀಸಾಗಿ ಒಳಹೋಗುತ್ತದೆ.

ಜಾಲಿಮುಳ್ಳಿನ ಈ ನೆಲದಲ್ಲಿ ಗಾಳಿ ತುಂಬಿದ ಟೈರು ಬೇಗ ಪಂಕ್ಚರ್ ಆಗುತ್ತದೆ, ಗಟ್ಟಿ ರಬ್ಬರಿನದು ಮೇಲು. ಬೇಸಿಗೆಯಲ್ಲಿ ಗಾಲಿಯನ್ನು ತಳ್ಳುವ ಲೋಹದ ಬಳೆ ಕೈ ಸುಡುವಷ್ಟು ಕಾಯುವುದರಿಂದ ಬೆಳಗಿನ ಹೊತ್ತೇ ಹೊರಡಬೇಕು. ಚಳ್ಳಕೆರೆಯಲ್ಲಿ ರೈಲು ನಿಲ್ದಾಣವಿದೆ. ಹಿರಿಯೂರು–ಬಳ್ಳಾರಿ ನಡುವಿನ ರಾಷ್ಟ್ರೀಯ ಹೆದ್ದಾರಿ 150ಎ ಕೂಡ ಊರಿನ ಮೂಲಕ ಹೋಗುತ್ತದೆ. ಅಂಗವಿಕಲರಿಗೆ ಕೆಎಸ್‌ಆರ್‌ಟಿಸಿ ಕೊಡುವ ರಿಯಾಯಿತಿ ಪಾಸಿನಲ್ಲಿ ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ಸಾಮಾನ್ಯ ಬಸ್ಸಿನ ಮೆಟ್ಟಿಲು ಎತ್ತರವಾದ್ದರಿಂದ ಹತ್ತಿಸಲು ಜೊತೆಗೊಬ್ಬರು ಬೇಕು. ಸಿದ್ದಾಪುರದಂಥ ಒಳಹಳ್ಳಿಗಳಿಗೆ ಬಾಡಿಗೆ ಕಾರೇ ಅನುಕೂಲ. ಡಿಕ್ಕಿಯಲ್ಲಿ ಹಿಡಿಸುವಂಥ ಮಡಚುವ ಕುರ್ಚಿ ಇರಬೇಕು.