ಸಾಮಾನಿನ ಹಳಿ, ಜನರ ಗಾಡಿ

ಜುಗೂಳವು ಕೃಷ್ಣೆಯ ದಡದ ಊರು. ಹೊಳೆಯಾಚೆ ಖಿದ್ರಾಪುರದ ಕೋಪೇಶ್ವರ; ಈಚೆ ಕಬ್ಬಿನ ಗದ್ದೆಗಳು. ಊರೊಳಗೆ ರೈಲಿಲ್ಲ, ಗಾಡಿ ಹಿಡಿಯಬೇಕಾದವರು ಶೇಡಬಾಳಕ್ಕೋ ಉಗಾರಕ್ಕೋ ಮಿರಜಿಗೋ ಹೋಗಬೇಕು. ಆ ಹಳಿಯು ಯಾರಿಗಾಗಿ ಹುಟ್ಟಿತೆಂಬುದನ್ನು ನಾವು ಇಂದು ವಿಚಾರಿಸುವೆವು.

1876ರಿಂದ 1878ರ ವರೆಗಿನ ಕ್ಷಾಮದಲ್ಲಿ ಬೊಂಬಾಯಿ ಕರ್ನಾಟಕವು ಬೆಂದುಹೋಯಿತು. ಒಳನಾಡಿಗೆ ಧಾನ್ಯ ತರಲು ಬಂಡಿಯೊಂದೇ ಗತಿ. ಎತ್ತಿಗೇ ಮೇವಿಲ್ಲದಿರಲು ಬಂಡಿಯೆಲ್ಲಿಯದು? 1880ರ ಕ್ಷಾಮ ಆಯೋಗವು ರೈಲುಮಾರ್ಗಗಳನ್ನು ವಿಸ್ತರಿಸಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿಯು ಸ್ಥಾಪಿತವಾಗಿ, ಖರ್ಚು ಕಡಮೆಯೆಂದು ಮೀಟರ್ ಗೇಜಿನ ಹಳಿ ಹಾಕಿತು. ಅಂದರೆ ಕಾಳಿನ ಚೀಲವೇ ಈ ಹಾದಿಯ ಮೊದಲ ಪ್ರಯಾಣಿಕ. ಅದರ ಹಿಂದೆ ಹತ್ತಿಯ ಅಂಡಿಗೆ, 1939ರಲ್ಲಿ ಉಗಾರದ ಸಕ್ಕರೆ ಕಾರಖಾನೆ ಸ್ಥಾಪಿತವಾದ ಬಳಿಕ ಸಕ್ಕರೆ. ಮನುಷ್ಯನು ಉಳಿದ ಜಾಗದಲ್ಲಿ ಕುಳಿತನು.

1971ರ ಹೊತ್ತಿಗೆ ಪುಣೆಯ ಕಡೆಯಿಂದ ಮಿರಜಿನವರೆಗೆ ಅಗಲ ಹಳಿ ಬಂದಿತು. ನಮ್ಮ ಕಡೆಯದು 1990ರ ದಶಕದವರೆಗೂ ಕಿರಿದಾಗಿಯೇ ಉಳಿಯಿತು. ಮಿರಜಿನಲ್ಲಿ ಮೂಟೆಯೂ ಗಾಡಿ ಬದಲಿಸಿತು, ಮನುಷ್ಯನೂ ಬದಲಿಸಿದನು. ಮೂಟೆಗೆ ಹಮಾಲನಿದ್ದನು, ಮುದುಕಿಯನ್ನು ಮಗನೇ ಇಳಿಸಬೇಕಾಗಿತ್ತು.

ಹಾಸನ-ಮಂಗಳೂರು ಮಾರ್ಗದ ಕಥೆ ಇನ್ನೂ ಸ್ಪಷ್ಟ. ಹಳಿ ಅಗಲವಾದ ಮೇಲೆ ಸಾಮಾನಿನ ಗಾಡಿಗಳು 2006ರಲ್ಲಿಯೇ ಘಟ್ಟ ಇಳಿದವು. ಜನರ ಗಾಡಿಗೆ 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ 1971ರಲ್ಲಿ ಆರಂಭವಾದ ಆಮ್‌ಟ್ರಾಕ್ ಸಂಸ್ಥೆಯು ಬಹುಪಾಲು ಸಾಮಾನು ಕಂಪೆನಿಗಳ ಹಳಿಯ ಮೇಲೆಯೇ ಓಡುತ್ತದೆ. ಜನರ ಗಾಡಿಗೆ ಮೊದಲ ದಾರಿಯೆಂದು ಅಲ್ಲಿ ಕಾನೂನಿದೆ. ಆದರೂ ಗಾಡಿಗಳು ತಡವಾಗುತ್ತವೆ.

ಸಾಮಾನಿನ ಗಾಡಿಯನ್ನು ನಾವು ನಿಂದಿಸಲಾರೆವು. ರೈಲ್ವೆಯ ಆದಾಯದಲ್ಲಿ ಹೆಚ್ಚಿನ ಪಾಲು ಅದರದು. ನಮ್ಮ ಟಿಕೀಟು ಅಗ್ಗವಾಗಿರುವುದು ಅದರ ಉಪ್ಪಿನ ಋಣದಿಂದ. ತೊಡಕಿರುವುದು ಒಂಟಿ ಹಳಿಯಲ್ಲಿ. ಎದುರುಬದುರಾದ ಗಾಡಿಗಳಲ್ಲಿ ಒಂದು ಸ್ಟೇಶನ್ನಿನಲ್ಲಿ ನಿಲ್ಲಲೇಬೇಕು. ಮಿರಜ-ಲೋಂಡಾ ನಡುವೆ ಎರಡನೆಯ ಹಳಿಯ ಕೆಲಸ ಕೈಗೊಂಡದ್ದರಿಂದ ಈ ತೊಡಕು ಸಡಿಲಾಗುವುದು ನಿಜ. ಆದರೆ ಹೆಚ್ಚಾದ ಜಾಗವನ್ನು ಯಾರು ತುಂಬುವರು? ದೂರದ ಎಕ್ಸ್‌ಪ್ರೆಸ್ಸುಗಳು ಹೆಚ್ಚಿದರೆ ಸಣ್ಣ ಸ್ಟೇಶನ್ನಿನವನಿಗೆ ಅವುಗಳ ಗಾಳಿ ಮಾತ್ರ ದೊರೆತೀತು. ಬೆಳಗಾವಿ-ಮಿರಜಗಳ ನಡುವೆ ಎಲ್ಲೆಡೆ ನಿಲ್ಲುವ ಸಣ್ಣ ಗಾಡಿಗಳಿಗೆ ಮೊದಲೇ ವೇಳೆ ಕಟ್ಟಿಡಬೇಕೆಂದು ನಮ್ಮ ಮತ. ಡಾಕ್ಟರ್ ವಾನ್‌ಲೆಸ್ಸರು 1890ರ ದಶಕದಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಮಿರಜವು ಈ ಸೀಮೆಯ ರೋಗಿಗಳ ಊರು. ಕಲ್ಲಿದ್ದಲು ಒಂದು ತಾಸು ತಡವಾಗಿ ಸೇರಿದರೂ ಉರಿಯುವುದು. ಶೇಡಬಾಳದಲ್ಲಿ ಬೆಳಗಿನ ಗಾಡಿ ತಪ್ಪಿಸಿಕೊಂಡ ರೋಗಿಗೆ ಆ ದಿನದ ವೈದ್ಯರ ಸರದಿ ತಪ್ಪುವುದು.