ಹೊಳೆಗೆ ಹೋಗುವ ನೆಪ

ಭಾನುವಾರದ ಬೆಳಗಾಯಿತೆಂದರೆ ಸಾಗರದ ಪೇಟೆಯಿಂದ ಹೊಳೆಬಾಗಿಲಿನ ಕಡೆಗೂ, ಹೊಸನಗರದಿಂದ ನಗರದ ಕೋಟೆಯ ಕಡೆಗೂ, ತೀರ್ಥಹಳ್ಳಿಯಿಂದ ಮಂಡಗದ್ದೆಯ ಕಡೆಗೂ ಅಜ್ಜ ಅಜ್ಜಿಯರು, ಮಕ್ಕಳು ಮರಿಗಳು, ಬುತ್ತಿಯ ಡಬ್ಬಿ, ಕತ್ತಿಗೆ ತೂಗುಹಾಕಿದ ದುರ್ಬೀನು ಇವೆಲ್ಲವುಗಳ ಸಮೇತ ಹೊರಡುವ ಕಾರುಗಳ ಸಾಲನ್ನು ಕಂಡವರಿಗೆ, ನೀರಿನ ದಡದಲ್ಲಿ ಕುಳಿತು ಹಕ್ಕಿಪಕ್ಷಿಗಳನ್ನು ನೋಡುತ್ತ ರಜೆಯ ದಿನವನ್ನು ಕಳೆಯುವ ಈ ಪದ್ಧತಿಯು ಮಲೆನಾಡಿಗೆ ಅನಾದಿಯಿಂದಲೂ ಬಂದುದೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿಯ ಒಕ್ಕಲುಮಕ್ಕಳಿಗೆ ಭಾನುವಾರವೆಂಬುದೇ ಶಾಲೆ ಕಚೇರಿಗಳ ಬೆನ್ನುಹಿಡಿದು ಬಂದದ್ದು. ಈ ಕಾರುಗಳವರು ನೋಡಲು ಹೋಗುವ ನೀರೂ ಬಹುಪಾಲು ನಮ್ಮ ತಂದೆ ತಾತಂದಿರ ಕಾಲದಲ್ಲಿ ನಿಂತದ್ದು. ಅದಕ್ಕೂ ಮೊದಲು ಮಲೆನಾಡಿಗರು ಹೊಳೆಗೆ ಹೋಗುತ್ತಿರಲಿಲ್ಲವೆಂದಲ್ಲ. ಹೋಗುವುದಕ್ಕೆ ಒಂದು ನೆಪ ಬೇಕಾಗಿದ್ದಿತು, ಅಷ್ಟೆ.

ಈ ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವವಳು ಶರಾವತಿ. ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ, ಸೀತೆಯ ಬಾಯಾರಿಕೆಯನ್ನು ತಣಿಸಲು ರಾಮನು ಬಾಣ ಬಿಟ್ಟನೆಂದು ಜನ ಹೇಳುವ ಎಡೆಯಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರದ ಸೀಮೆಯಲ್ಲಿ ಹರವಾಗಿ, ಜೋಗದಲ್ಲಿ 830 ಅಡಿಗಳ ಪ್ರಪಾತಕ್ಕೆ ಬಿದ್ದು, ಒಟ್ಟು 128 ಕಿಲೋಮೀಟರುಗಳ ಕಿರುಪಯಣವನ್ನು ಹೊನ್ನಾವರದ ಕಡಲಿನಲ್ಲಿ ಮುಗಿಸುತ್ತಾಳೆ. ಪಶ್ಚಿಮಕ್ಕೆ ಮುಖಮಾಡಿದ ಇವಳಿಗೂ, ಶೃಂಗೇರಿಯಿಂದ ತೀರ್ಥಹಳ್ಳಿಗೆ ಬಂದು ಪೂರ್ವಕ್ಕೆ ತಿರುಗುವ ತುಂಗೆಗೂ ಸ್ವಭಾವದಲ್ಲಿ ಬಹಳ ಅಂತರ. ಆದರೆ ಮಳೆಗಾಲದಲ್ಲಿ ಇಬ್ಬರೂ ಸಮಾನ ಭಯಂಕರರು. ಆದುದರಿಂದ ಹೊಳೆಗೆ ಹೋಗುವ ಸಂಪ್ರದಾಯವೆಲ್ಲ ಸಹಜವಾಗಿಯೇ ಕಾರ್ತಿಕದಿಂದ ವೈಶಾಖದವರೆಗಿನ ಒಣ ತಿಂಗಳುಗಳಿಗೆ ಸೇರಿದುದಾಗಿದ್ದಿತು.

ಅರಸರಿಗೆ ಮಾತ್ರ ಹೊಳೆಯ ದಾರಿ ಕಾಯುವ ಅಗತ್ಯವಿರಲಿಲ್ಲ. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಂದಿನ ನಗರವಾದ ಬಿದನೂರಿಗೆ ರಾಜಧಾನಿಯನ್ನು ಒಯ್ದ ನಾಯಕರು, ನಗರದ ಬಳಿಯ ದೇವಗಂಗೆಯಲ್ಲಿ ಗುಡ್ಡದ ಒರತೆಯನ್ನು ಕಲ್ಲಿನ ಕೊಳಗಳಿಗೆ ಹಾಯಿಸಿ ತಮ್ಮ ಜಲವಿಹಾರವನ್ನು ತಮ್ಮ ಮನೆಯ ಬಾಗಿಲಿಗೇ ತರಿಸಿಕೊಂಡಿದ್ದರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಆ ವೈಭವವೆಲ್ಲ ಮುಗಿಯಿತು, ಒರತೆ ಮುಗಿಯಲಿಲ್ಲ. ಅರಸರ ಮನೆಯವರಿಗೆ ಮೀಸಲಾಗಿದ್ದ ಕೊಳದ ಮೆಟ್ಟಿಲಿನ ಮೇಲೆ ಇಂದು ಯಾರ ಮಕ್ಕಳಾದರೂ ಕಾಲಾಡಿಸುತ್ತ ಕುಳಿತುಕೊಳ್ಳಬಹುದು. ಇತಿಹಾಸವು ಸಾಮಾನ್ಯರಿಗೆ ಮಾಡಿಕೊಟ್ಟ ಸಣ್ಣಪುಟ್ಟ ಉಪಕಾರಗಳಲ್ಲಿ ಇದೂ ಒಂದೆಂದು ನಾನು ಎಣಿಸುತ್ತೇನೆ.

ಸಾಮಾನ್ಯರ ನೆಪಗಳಲ್ಲಿ ಮೊದಲನೆಯದು ದೇವರು. ಮಾರ್ಗಶಿರದ ಅಮಾವಾಸ್ಯೆಯಂದು, ಎಂದರೆ ಎಳ್ಳಮಾವಾಸ್ಯೆಯಂದು, ತೀರ್ಥಹಳ್ಳಿಯ ರಾಮೇಶ್ವರನ ಸನ್ನಿಧಿಯಲ್ಲಿ ತೀರ್ಥಸ್ನಾನವೂ, ಮರುದಿನ ರಥೋತ್ಸವವೂ, ಆಮೇಲೆ ತುಂಗೆಯಲ್ಲಿ ತೆಪ್ಪೋತ್ಸವವೂ ನಡೆಯುತ್ತವೆ. ಪರಶುರಾಮನ ಕೊಡಲಿಗೆ ಅಂಟಿದ್ದ ರಕ್ತದ ಕಲೆಯು ಇಲ್ಲಿಯ ನೀರಿನಲ್ಲಿ ತೊಳೆದುಹೋಯಿತೆಂಬ ಕಥೆಯನ್ನು ನಂಬಿ ಬಂದವರಿದ್ದಂತೆಯೇ, ಸುಗ್ಗಿಯ ನಡುವೆ ಒಂದೆರಡು ದಿನ ಗದ್ದೆ ತೋಟಗಳನ್ನು ಮರೆತು ಕಮಾನುಗಾಡಿಯಲ್ಲಿ ಹೆಂಡತಿ ಮಕ್ಕಳೊಡನೆ ಬಂದು, ಹೊಳೆಯ ನಡುವಣ ಹಾಸುಬಂಡೆಗಳ ಮೇಲೆ ಬುತ್ತಿ ಬಿಚ್ಚುವುದಕ್ಕಾಗಿಯೇ ಬಂದವರೂ ಇದ್ದರು. ಕಾರ್ತಿಕದ ವನಭೋಜನಕ್ಕೆ ನೆಲ್ಲಿಯ ಮರದ ನೆರಳು ಶಾಸ್ತ್ರಕ್ಕೆ ಬೇಕು. ಆ ಮರ ಹೊಳೆಯ ಸಮೀಪದಲ್ಲಿದ್ದರೆ ಮಕ್ಕಳಿಗೆ ಬೇಕು. ಹಾಗೆಯೇ ತೀರ್ಥಹಳ್ಳಿಯ ಸಮೀಪದ ಚಿಬ್ಬಲಗುಡ್ಡೆಯಲ್ಲಿ, ಗಣಪತಿಯ ಗುಡಿಯ ಕೆಳಗಿನ ತುಂಗೆಯ ಮಡುವಿನಲ್ಲಿ, ದೇವರ ಮೀನುಗಳೆಂಬ ಹೆಸರಿನಿಂದ ಬದುಕಿಕೊಂಡಿರುವ ಮೀನುಗಳ ಹಿಂಡಿಗೆ ಅಕ್ಕಿ ಮಂಡಕ್ಕಿಗಳನ್ನು ಎರಚುವುದು ಮಕ್ಕಳ ಪಾಲಿಗೆ ಪೂಜೆಯಲ್ಲಿಯೇ ಅತ್ಯಂತ ರುಚಿಯಾದ ಭಾಗ. ಮುಂಗೈಯುದ್ದದ ಮೀನುಗಳು ಒಂದರ ಬೆನ್ನಿನ ಮೇಲೊಂದು ಏರಿ, ನೀರಿನಿಂದ ಅರ್ಧ ಹೊರಕ್ಕೆ ಬಂದು, ಬಾಯಿ ತೆರೆದು ನಿಲ್ಲುತ್ತವೆ. ಮನೆಯಲ್ಲಿ ಮೀನುಸಾರಿಲ್ಲದೆ ಅನ್ನ ಮುಟ್ಟದ ಮಗುವೂ ಈ ಮಡುವಿನ ಮುಂದೆ ಕೈಮುಗಿಯುತ್ತದೆ.

ಎರಡನೆಯ ನೆಪ ಹೊಟ್ಟೆಯದು. ಈ ವಿಷಯವನ್ನು ಕುರಿತು ನಮ್ಮ ವಿಹಾರಪ್ರಿಯ ಲೇಖಕರು ಸಾಕಷ್ಟು ಬರೆದಿಲ್ಲವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕೆನ್ನಿಸುತ್ತದೆ. ಸಾಗರ, ಹೊಸನಗರ, ಸೊರಬಗಳ ಕಡೆ ಬೇಸಗೆಯ ಕೊನೆಯಲ್ಲಿ ಊರಿನ ಕೆರೆಯ ನೀರು ಮೊಳಕಾಲಿಗೆ ಇಳಿದಾಗ, ಊರವರೆಲ್ಲ ಸೇರಿ ದಿನ ಗೊತ್ತುಮಾಡಿ, ಸುತ್ತಣ ಹಳ್ಳಿಗಳಿಗೂ ಸುದ್ದಿ ಕೊಟ್ಟು ಕೆರೆಬೇಟೆಯನ್ನು ನಡೆಸುತ್ತಾರೆ. ಅದಕ್ಕೆ ಬೇಕಾದ ಆಯುಧವೆಂದರೆ ಕೂಣಿ: ಬಿದಿರ ಸಲಕುಗಳನ್ನು ಹೆಣೆದು ಮಾಡಿದ, ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿ ಎರಡು ಕಡೆಯೂ ಬಾಯಿ ತೆರೆದಿರುವ ಬುಟ್ಟಿ. ಊರಿನ ದೇವಸ್ಥಾನದ ಕೆಲಸಕ್ಕೋ ಊರೊಟ್ಟಿನ ಇನ್ನಾವುದಾದರೂ ಕಾರ್ಯಕ್ಕೋ ಸಲ್ಲುವ ಹಣವನ್ನು ಕೂಣಿಗೆ ಇಷ್ಟೆಂದು ಕಟ್ಟಿದವರು, ಕೆರೆಯ ಸುತ್ತಲೂ ಏರಿಯ ಮೇಲೆ ಸಾಲಾಗಿ ನಿಂತು, ಪೂಜೆ ಮುಗಿದು ಸೂಚನೆ ದೊರೆತ ಒಡನೆಯೇ ಒಂದೇ ಕೂಗಿನಲ್ಲಿ ನೀರಿಗೆ ಧುಮುಕುತ್ತಾರೆ. ಕ್ಷಣಮಾತ್ರದಲ್ಲಿ ಕೆರೆಯೆಲ್ಲ ಕೆಸರಾಗುತ್ತದೆ. ಮೀನು ಕಣ್ಣಿಗೆ ಕಾಣುವುದಿಲ್ಲ. ಊಹೆಯಿಂದಲೇ ಕೂಣಿಯನ್ನು ಮೇಲಿನಿಂದ ಕೆಸರಿಗೆ ಒತ್ತಬೇಕು, ಒಳಗೆ ಸಿಕ್ಕ ಮೀನು ಬಿದಿರಿಗೆ ಬಡಿಯುವ ಅದುರು ಅಂಗೈಗೆ ತಿಳಿಯಬೇಕು, ತಿಳಿದ ಮೇಲೆ ಮೇಲಣ ಬಾಯಿಯಿಂದ ತೋಳನ್ನು ಇಳಿಸಿ ತಡಕಿ ಹಿಡಿಯಬೇಕು. ಏರಿಯ ಮೇಲೆ ಕೊಡೆ ಹಿಡಿದು ಕುಳಿತ ಹೆಂಗಸರಿಗೂ ಮಕ್ಕಳಿಗೂ ತಮ್ಮ ಮನೆಯವರ ಕೈಯಲ್ಲಿ ಕುಚ್ಚು ಮೀನು ಹೊಳೆದರೆ ಅದೇ ಹಬ್ಬ. ಬರಿಗೈಯಲ್ಲಿ ಮೇಲೆ ಬಂದವನಿಗೆ ಮುಂದಿನ ಬೇಸಗೆಯವರೆಗೂ ಹಾಸ್ಯ ತಪ್ಪದು. ಆ ದಿನ ನೆಂಟರಿಷ್ಟರು ಬಂದು ಮನೆ ತುಂಬುತ್ತದೆ. ಅದನ್ನು ವಿಹಾರವೆಂದು ಯಾರೂ ಕರೆಯಲಿಲ್ಲವಾದರೂ, ಸಂಸಾರ ಸಮೇತವಾಗಿ ನೀರಿನ ದಡದಲ್ಲಿ ಕಳೆದ ರಜೆಯ ದಿನಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ದೊರೆಯಲಾರದು.

ಮೀನು ತಿನ್ನದ ಮನೆಗಳವರಿಗೆ ಅಪ್ಪೆಮಿಡಿಯಿದ್ದಿತು. ಹೊಳೆಯಂಚಿನ ಕಾಡುಮಾವಿನ ಮರಗಳಲ್ಲಿ ಯಾವ ಮರದ ಮಿಡಿಗೆ ಜೀರಿಗೆಯ ಪರಿಮಳ, ಯಾವುದಕ್ಕೆ ಹುಳಿ ಹೆಚ್ಚು, ಯಾವುದು ವರ್ಷ ಬಿಟ್ಟು ವರ್ಷ ಫಲಿಸುತ್ತದೆ ಎಂಬುದನ್ನೆಲ್ಲ ಬಲ್ಲ ಹಿರಿಯರು ಮಾಘ ಫಾಲ್ಗುಣಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುತ್ತಿದ್ದರು. ಮಿಡಿ ನೆಲಕ್ಕೆ ಬಿದ್ದರೆ ಕೆಟ್ಟಿತು, ತೊಟ್ಟು ಮುರಿದು ಸೊನೆ ಸೋರಿದರೂ ಕೆಟ್ಟಿತು. ಆದುದರಿಂದ ಮರ ಹತ್ತಿದವನು ಗೊಂಚಲನ್ನು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಸಬೇಕು, ಕೆಳಗಿನವರು ತೊಟ್ಟು ಉಳಿಸಿ ಬಿಡಿಸಬೇಕು. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯ ಮಾರುಕಟ್ಟೆಗೆ ಇಂದು ಬರುವ ಮಿಡಿಯ ಮೂಟೆಗಳ ಹಿಂದೆ ಈ ಜ್ಞಾನ ಇನ್ನೂ ಉಳಿದಿದೆ.

ಮೂರನೆಯದು ಬೇಟೆ. ಹಳು ನುಗ್ಗುವವರು ಕಾಡಿನ ಒಂದು ಮಗ್ಗುಲಿನಿಂದ ಕೂಗುತ್ತ ಸೋವಿ ಬರುವುದು, ಇನ್ನೊಂದು ಮಗ್ಗುಲಿನಲ್ಲಿ ಬಿಲ್ಲಿಗೆ, ಎಂದರೆ ಮಿಗ ಬರುವ ದಾರಿಯ ಕಾವಲಿಗೆ, ಕುಳಿತ ಈಡುಗಾರರು ಕೋವಿ ಹಿಡಿದು ಕಾಯುವುದು, ಬಿದ್ದ ಹಂದಿಯನ್ನೋ ಮಿಗವನ್ನೋ ಪಾಲು ಹಾಕಿಕೊಳ್ಳುವುದು ಈ ಸೀಮೆಯ ಗಂಡಸರಿಗೆ ಪರಮಸುಖದ ಕಾಲಕ್ಷೇಪವಾಗಿದ್ದಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು 1933ರಲ್ಲಿ ಪ್ರಕಟವಾದ ‘ಮಲೆನಾಡಿನ ಚಿತ್ರಗಳು’ ಎಂಬ ಗ್ರಂಥದಲ್ಲಿ ಆ ಜೀವನದ ಉತ್ಸಾಹವನ್ನು ಒಳಗಿನವರಾಗಿಯೇ ಚಿತ್ರಿಸಿದ್ದಾರೆ. ಮೈಸೂರು ಸಂಸ್ಥಾನವು 1901ರಷ್ಟು ಹಿಂದೆಯೇ ಬೇಟೆಗೂ ಮೀನು ಹಿಡಿಯುವುದಕ್ಕೂ ಕಾನೂನಿನ ಕಡಿವಾಣ ಹಾಕಿದ್ದರೂ, ಮನೆಮನೆಯ ಕೋವಿ ಗೋಡೆಯ ಮೇಲೆ ನಿಜವಾಗಿ ವಿಶ್ರಾಂತಿಗೆ ತೂಗಿದುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯವೇ. ಶರಾವತಿ ಕಣಿವೆಯ ಅಭಯಾರಣ್ಯವು ಅಸ್ತಿತ್ವಕ್ಕೆ ಬಂದುದೂ ಅದೇ ವರ್ಷ. 2019ರಲ್ಲಿ ಅದನ್ನು ವಿಸ್ತರಿಸಿ ಸಿಂಗಳೀಕದ ಹೆಸರನ್ನೇ ಅದಕ್ಕೆ ಇಟ್ಟರು. ಅಜ್ಜ ಬಿಲ್ಲಿಗೆ ಕುಳಿತ ಎಡೆಯಲ್ಲಿ ಮೊಮ್ಮಗನು ಕ್ಯಾಮರಾ ಹಿಡಿದು ಕುಳಿತುಕೊಳ್ಳುವುದನ್ನು ಪತನವೆಂದು ಕರೆಯುವ ಹಳಬರು ಈಗಲೂ ಇದ್ದಾರೆ. ಸಿಂಗಳೀಕದ ಅಭಿಪ್ರಾಯ ಬೇರೆಯಿರಬೇಕು.

ಇಷ್ಟರ ನಡುವೆ ನೀರೇ ಬದಲಾಗಿಹೋಯಿತು. ಜೋಗದ ವಿದ್ಯುತ್ತಿಗಾಗಿ 1939ರಲ್ಲಿ ಆರಂಭವಾದ ಯೋಜನೆಯು 1948ರಲ್ಲಿ ಫಲ ಕೊಟ್ಟಿತು. ಅದಕ್ಕೆ ನೀರು ಕೂಡಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಅದು ಎದ್ದು ಎರಡು ದಶಕ ತುಂಬುವುದರೊಳಗೆ, 1964ರಲ್ಲಿ, ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಲಿಂಗನಮಕ್ಕಿಯು ಮುಗಿದು, ಸಮುದ್ರಮಟ್ಟದಿಂದ 1819 ಅಡಿಗಳವರೆಗೆ ನೀರು ನಿಂತಾಗ, ಸಾಗರ ಹೊಸನಗರಗಳ ಗದ್ದೆ, ತೋಟ, ದೇವಸ್ಥಾನ, ಸಂತೆಮಾಳಗಳ ಜೊತೆಗೆ ಆ ಹಳೆಯ ಅಣೆಕಟ್ಟು ತಾನೂ ಮುಳುಗಿತು. ಮುಂದೆ ಹೊಸನಗರದ ಸೀಮೆಯಲ್ಲಿ ವಾರಾಹಿಗೆ ಮಾಣಿಯಲ್ಲಿಯೂ, ಚಕ್ರಾ ನದಿಗೂ, ಸಾವೆಹಕ್ಲಿನಲ್ಲಿಯೂ ಕಟ್ಟೆಗಳಾದವು. ನಾಡಿಗೆ ಬೆಳಕು ಬಂದಿತೆಂಬುದು ನಿಜ. ಮನೆಯ ಹಂಚು ಇಳಿಸಿ, ಬಾಗಿಲುವಾಡಗಳನ್ನು ಕಿತ್ತು, ಶಿವಮೊಗ್ಗ ಭದ್ರಾವತಿಗಳ ಕಡೆಯ ಅಪರಿಚಿತ ಕಾಡುಗಳಿಗೆ ಲಾರಿಯಲ್ಲಿ ಹೊರಟವರ ಮನೆಯಲ್ಲಿ ಆ ಬೆಳಕು ಬಹುಕಾಲ ಹತ್ತಲಿಲ್ಲವೆಂಬುದೂ ಅಷ್ಟೇ ನಿಜ. ಸಾಗರದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ದುಃಖಕ್ಕೆ ಮಾತು ಕೊಟ್ಟರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆರೆಗೆ ತಂದರು.

ಈಗಿನ ವಿಹಾರದ ಸೌಕರ್ಯಗಳೆಲ್ಲ ಈ ಮುಳುಗಡೆಯಿಂದಲೇ ಹುಟ್ಟಿದವು. ನಡುಗಡ್ಡೆಗಳಂತಾದ ತುಮರಿಯ ಕಡೆಯ ಹಳ್ಳಿಗಳ ಜನರಿಗಾಗಿ ಹೊಳೆಬಾಗಿಲಿನಲ್ಲಿ ನಡೆದ ಲಾಂಚು, ಕಾಲಕ್ರಮೇಣ ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬರುವ ಸಂಸಾರಗಳ ಮುಖ್ಯ ಆಕರ್ಷಣೆಯಾಯಿತು. ಬಸ್ಸು, ಕಾರು, ಬೈಕುಗಳ ನಡುವೆ ಇಕ್ಕಟ್ಟಿನಲ್ಲಿ ನಿಂತ ಮಕ್ಕಳು, ನೀರಿನಿಂದ ತಲೆಯೆತ್ತಿದ ಸತ್ತ ಮರದ ಬೊಡ್ಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಯನ್ನು ಮೊದಲು ಕಂಡುದು ಅಲ್ಲಿಯೇ. ಆ ಬೊಡ್ಡೆ ಒಂದಾನೊಂದು ಕಾಲದಲ್ಲಿ ಯಾರದೋ ಹಿತ್ತಿಲ ಮರವಾಗಿದ್ದಿರಬಹುದೆಂದು ಅವರಿಗೆ ಹೇಳುವವರು ವಿರಳ. ಹೊನ್ನೆಮರಡುವಿನಲ್ಲಿ ಹರಿಗೋಲು, ದೋಣಿಗಳ ವಿದ್ಯೆಯನ್ನು ಕಲಿಯುವವರೂ, ಮುಪ್ಪಾನೆಯ ಅರಣ್ಯ ಇಲಾಖೆಯ ಶಿಬಿರದಲ್ಲಿ ರಾತ್ರಿ ಕಳೆದು ಬೆಳಗ್ಗೆ ಮಂಗಟ್ಟೆಯ ರೆಕ್ಕೆಯ ಸದ್ದಿಗೆ ಎಚ್ಚರಗೊಳ್ಳುವವರೂ ಈ ನೀರಿನ ಅತಿಥಿಗಳೇ. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ ಹಿರೇಭಾಸ್ಕರ ಅಣೆಕಟ್ಟು ತನ್ನ ಕಲ್ಲಿನ ಮೈಯನ್ನು ಮತ್ತೆ ಹೊರತೋರುತ್ತದೆ. ಅದನ್ನು ನೋಡಲು ಬರುವ ಗುಂಪಿನಲ್ಲಿ ಪ್ರವಾಸಿಗಳೊಡನೆ, ತಮ್ಮ ಮನೆಯ ಬುನಾದಿಯನ್ನು ಹುಡುಕುತ್ತ ಬಂದ ಮುದುಕರೂ ಇರುತ್ತಾರೆ.

ತುಂಗೆಯ ದಡದ ಮಂಡಗದ್ದೆಯ ಕಥೆ ಬೇರೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿಯೇ, ಹೊಳೆಯ ನಡುವೆ, ಎಕರೆಯೊಂದಕ್ಕೆ ತುಸು ಮಿಗಿಲಾದ ಒಂದು ನಡುಗಡ್ಡೆ. ಮಳೆ ಬಲಿತು ಹೊಳೆ ತುಂಬಿದಾಗ, ನೆಲವೆಲ್ಲ ಮುಳುಗಿ ಬರಿಯ ಮರಗಳ ನೆತ್ತಿಗಳು ಮಾತ್ರ ನೀರಿನ ಮೇಲೆ ನಿಂತಿರುವಾಗ, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಸಾವಿರಗಟ್ಟಲೆಯಾಗಿ ಬಂದು ಅಲ್ಲಿ ಗೂಡುಕಟ್ಟುತ್ತವೆ. ಸುತ್ತಲೂ ರಭಸದ ಪ್ರವಾಹವಿರುವುದರಿಂದ ನೆಲದ ಶತ್ರುಗಳು ಸುಳಿಯುವಂತಿಲ್ಲ. ಮಳೆಗಾಲವಾದ್ದರಿಂದ ಮರಿಗಳ ಆಹಾರಕ್ಕೆ ಕೊರತೆಯಿಲ್ಲ. ಮನುಷ್ಯನು ಹೆದರಿ ದೂರ ನಿಂತ ಪ್ರವಾಹವೇ ಹಕ್ಕಿಗೆ ಕೋಟೆಯ ಕಂದಕ. ಹೊಳೆ ಮಿತಿ ಮೀರಿದ ವರ್ಷ ಕೆಳಗಿನ ಕೊಂಬೆಗಳ ಗೂಡುಗಳು ಕೊಚ್ಚಿಹೋಗುವುದೂ ಉಂಟು. ದಡದ ವೀಕ್ಷಣಾಗೋಪುರದಿಂದ ದುರ್ಬೀನಿನಲ್ಲಿ ನೋಡಿದರೆ, ಹಾವಕ್ಕಿಯ ಮರಿ ತನ್ನ ತಲೆಯನ್ನು ತಾಯಿಯ ಗಂಟಲೊಳಕ್ಕೇ ತೂರಿಸಿ ಮೀನನ್ನು ಎಳೆದುಕೊಳ್ಳುವುದು ಕಾಣಿಸುತ್ತದೆ. ಮೊದಲ ಸಲ ನೋಡಿದ ಮಕ್ಕಳು, ತಾಯಿಯೇ ಮರಿಯನ್ನು ನುಂಗಿಬಿಟ್ಟಳೆಂದು ಬೆಚ್ಚುತ್ತಾರೆ. ಹೊಳೆಯ ಹತ್ತಿರ ಸುಳಿಯಲೂ ಹಿರಿಯರು ಬಿಡದಿದ್ದ ಆಷಾಢ ಶ್ರಾವಣಗಳಲ್ಲಿ, ಕಂಬಳಿಕೊಪ್ಪೆಯ ಬದಲು ರೇನ್‌ಕೋಟು ತೊಟ್ಟು, ಯಾವ ದೇವರ ನೆಪವೂ ಯಾವ ಮೀನಿನ ನೆಪವೂ ಇಲ್ಲದೆ ಮಲೆನಾಡಿನ ಸಂಸಾರಗಳು ಹೊಳೆಗೆ ಹೋಗತೊಡಗಿದುದು ಈ ಹಕ್ಕಿಗಳಿಂದ. ನೂರಾರು ವರ್ಷಗಳ ಪಂಚಾಂಗವನ್ನೇ ಅವು ತಿರುಗಿಸಿಬಿಟ್ಟವು.

ನೆಪವಿಲ್ಲದ ವಿಹಾರವನ್ನು ನಾನು ಹಳಿಯಲಾರೆ. ನೋಡುವುದಕ್ಕಾಗಿಯೇ ಹೋಗಿ, ನೋಡಿ ಬರುವುದು ಕೊಂದು ತರುವುದಕ್ಕಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೇವರ ಮಡುವಿಗೆ ಹೋದವನಿಗೆ ಅಲ್ಲಿ ಏನನ್ನು ಮಾಡಬಾರದೆಂಬುದು ತಿಳಿದಿದ್ದಿತು. ಕೆರೆಬೇಟೆಗೆ ಇಳಿದವನಿಗೂ ಆ ಕೆರೆ ಯಾವ ಊರಿನದು, ತಾನು ಯಾರ ಅಪ್ಪಣೆಯಿಂದ ಇಳಿದೆನೆಂಬುದು ತಿಳಿದಿದ್ದಿತು. ಹಿನ್ನೀರಿನ ದಡದಲ್ಲಿ ಬಾಟಲಿ, ತಟ್ಟೆಗಳನ್ನು ಬಿಟ್ಟುಬರುವವನಿಗೆ ಈ ಎರಡೂ ತಿಳಿಯವು. 2025ರ ಜುಲೈ 14ರಂದು, ಲಾಂಚು ನಡೆಯುತ್ತಿದ್ದ ಹಿನ್ನೀರಿನ ಮೇಲೆ, ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಎರಡೂವರೆ ಕಿಲೋಮೀಟರಿಗೆ ಸಮೀಪದ ಸೇತುವೆ ತೆರೆದು, ಲಾಂಚಿಗಾಗಿ ದಡದಲ್ಲಿ ಕಾಯುವ ಕಾಲವೂ ಮುಗಿದಿದೆ. ನೀರನ್ನು ಕೆಲವೇ ನಿಮಿಷಗಳಲ್ಲಿ ದಾಟಿಬಿಡುವವರಿಗೆ ಕೆಳಗೆ ಏನಿದೆಯೆಂದು ಯೋಚಿಸಲೂ ಹೊತ್ತಿಲ್ಲ. ಆದುದರಿಂದ ಅಧಿಕಾರಿಗಳಲ್ಲಿಯೂ ಅಲ್ಲಿಯ ಪಂಚಾಯಿತಿಗಳಲ್ಲಿಯೂ ನನ್ನ ವಿನಂತಿ ಇಷ್ಟೆ: ಸೇತುವೆಯ ಎರಡು ತುದಿಗಳಲ್ಲಿಯೂ, ಹೊನ್ನೆಮರಡು, ಮುಪ್ಪಾನೆ, ಮಡೆನೂರುಗಳ ದಡದಲ್ಲಿಯೂ, ಎದುರಿನ ನೀರಿನ ಕೆಳಗಿರುವ ಊರುಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿರಿ, ಆ ಹೆಸರುಗಳನ್ನು ಬಾಯಲ್ಲಿ ಹೇಳಬಲ್ಲ ಮುದುಕರು ಇನ್ನೂ ಕೆಲವರು ಇದ್ದಾರೆ, ಅವರನ್ನು ಈ ಬೇಸಗೆಯಲ್ಲಿಯೇ ಕೇಳಿರಿ.