ಹತ್ತಿಸುವ ಹಗ್ಗ, ಹಿಡಿಯುವ ಹಗ್ಗ

ಹೈದರಾಬಾದಿನಲ್ಲಿದ್ದು ತೆಲುಗು ಪತ್ರಿಕೆ ಓದುವ ಅಭ್ಯಾಸ ಮಾಡಿಕೊಂಡವರಿಗೆ ಒಂದು ಸುದ್ದಿ ಚೆನ್ನಾಗಿ ಪರಿಚಿತ. ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕೇ ಸಾಲು: ಮೋಕು ಜಾರಿ, ತಾಳೆ ಮರದಿಂದ ಬಿದ್ದು ಗೀತ ಕಾರ್ಮಿಕನ ಸಾವು. (ಇಲ್ಲಿ ಗೀತ ಎಂದರೆ ಹಾಡಲ್ಲ, ಗೀರುವುದು, ಹೊಂಬಾಳೆ ಗೀರಿ ಕಳ್ಳು ಇಳಿಸುವವರು ಗೀತ ಕಾರ್ಮಿಕರು.)

ಮೋಕು ಅಂದರೆ ಮರವನ್ನೂ ಹತ್ತುವವನ ಬೆನ್ನನ್ನೂ ಒಟ್ಟಿಗೆ ಬಳಸುವ ದಪ್ಪ ಹಗ್ಗ. ಅದಕ್ಕೆ ಬೆನ್ನು ಕೊಟ್ಟು ಹಿಂದಕ್ಕೆ ವಾಲಿದರೆ ಪಾದಗಳು ಮರಕ್ಕೆ ಒತ್ತಿ ನಿಲ್ಲುತ್ತವೆ. ಪಾದಗಳಿಗೆ ಇನ್ನೊಂದು ಚಿಕ್ಕ ಕುಣಿಕೆ, ಅದು ‘ಗುಜಿ’. ಮೇಲೇರಬೇಕಾದರೆ ಮೋಕನ್ನು ಸಡಿಲಿಸಿ ಸರಿಸಬೇಕು. ಆ ಒಂದು ಕ್ಷಣ ಜೀವವೆಲ್ಲ ಪಾದದಲ್ಲಿ! ಪಾದ ಜಾರಿದರೆ ಮೋಕೂ ಜಾರುತ್ತದೆ.

ಇದನ್ನು ಕಲಿಸುವ ಶಾಲೆ ಇರಲಿಲ್ಲ. ತೆಲಂಗಾಣದಲ್ಲಿ ಇದು ಗೌಡರ ಕುಲಕಸುಬು. ಹುಡುಗ ಅಪ್ಪನ ಮರದ ಬುಡದಲ್ಲಿ ನಿಂತು ನೋಡುತ್ತ ಬೆಳೆಯುತ್ತಿದ್ದ, ಗಿಡ್ಡ ಮರದಲ್ಲಿ ನಾಲ್ಕು ಹೆಜ್ಜೆ ಏರಿ ಇಳಿಯುತ್ತಿದ್ದ, ಹಾಗೇ ಎತ್ತರದ ಮರಕ್ಕೆ ಹೋಗುತ್ತಿದ್ದ. ಈ ಕಸುಬು ಬಿಟ್ಟವನೊಬ್ಬ ಚರಿತ್ರೆಯನ್ನೇ ಸೇರಿದ್ದಾನೆ. ಸರ್ವಾಯಿ ಪಾಪನ್ನ ಕಳ್ಳಿಳಿಸುವ ಕುಲದವನು. ದಂಡು ಕಟ್ಟಿ 1708ರಲ್ಲಿ ವಾರಂಗಲ್ ಪಟ್ಟಣವನ್ನು ಸೂರೆಗೈದ. 1710ರಲ್ಲಿ ಮೊಗಲರ ಕಾಲದ ಆ ಕಾಳಗಗಳಲ್ಲೇ ಅವನ ಕಥೆ ಮುಗಿಯಿತು. ಅವನ ಮೇಲೆ ಲಾವಣಿಗಳಿವೆ. ಮರದಿಂದ ಬಿದ್ದವರ ಮೇಲೆ ಯಾರು ಕಟ್ಟುತ್ತಾರೆ?

ಇದನ್ನೆಲ್ಲ ಓದುವಾಗ ನಮ್ಮ ಮಲೆನಾಡಿನ ಕೊನೆಗೌಡ ನೆನಪಾಗುತ್ತಾನೆ. ಅವನದು ಅಡಿಕೆ ಮರ. ಸಪೂರ, ನುಣುಪು, ಗಾಳಿಗೆ ಬಾಗುವಂಥದ್ದು. ಕಾಲಿಗೊಂದು ಹಗ್ಗದ ಬಳೆ, ಉಳಿದದ್ದು ತೋಳಿನ ಬಲ. ಒಂದು ಮರದ ತಲೆಯಿಂದ ಪಕ್ಕದ ಮರವನ್ನು ಎಳೆದುಕೊಂಡು ದಾಟುವುದನ್ನು ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದವರೇ.

ಅಡಿಕೆ ಮರ ಹತ್ತುವ ಕೆಲಸ ಇನ್ನಷ್ಟು ಕಷ್ಟವಾದದ್ದಕ್ಕೆ ಒಂದು ವೈಜ್ಞಾನಿಕ ಸಾಧನೆಯೂ ಕಾರಣ ಎಂದರೆ ವಿಚಿತ್ರ ಅನ್ನಿಸಬಹುದು. ಮೊದಲು ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮುಂಚೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಬೆಳೆ ಉಳಿಯಿತು, ತೋಟಿಗರು ಬದುಕಿಕೊಂಡರು. ಆದರೆ ಮೊದಲ ಸಿಂಪಡಣೆಯಾಗಿ 40-45 ದಿನಕ್ಕೆ ಎರಡನೆಯದು ಬೇಕು. ಅಂದರೆ ನಟ್ಟನಡು ಮಳೆಗಾಲ, ಪಾಚಿ ಹಿಡಿದ ಮರ. ಔಷಧಿಯ ಲೆಕ್ಕವನ್ನು ಎಲ್ಲರೂ ಕಲಿತರು, ಹತ್ತುವವನ ರಕ್ಷಣೆಯ ಲೆಕ್ಕ ಯಾರೂ ಹಾಕಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ ನೋಡಿ. ಮೋಕು, ಗುಜಿ, ಕಾಲಿನ ಬಳೆ, ಇವೆಲ್ಲ ಹತ್ತಿಸುವ ಹಗ್ಗಗಳು. ಕೈಕಾಲು ಸರಿಯಿರುವವರೆಗೆ ಅವು ಸರಿ. ಕೈಕಾಲು ತಪ್ಪಿದ ಮೇಲೆ ಹಿಡಿಯುವ ಹಗ್ಗವೇ ಬೇರೆ, ಅದು ಇರಲೇ ಇಲ್ಲ. ಯಂತ್ರ ಬಂದಾಗಲೂ ಇದೇ ಕಥೆ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಎಂಬ ರೈತರು ತೆಂಗಿನ ಮರ ಹತ್ತಲು ಎರಡು ಕಾಲಿಗೆ ಎರಡು ಚೌಕಟ್ಟಿನ ಸಾಧನ ಮಾಡಿದರು. ಒಂದರ ಮೇಲೆ ಭಾರ ಹಾಕಿ ಇನ್ನೊಂದನ್ನು ಎತ್ತುತ್ತ ಹೋದರೆ ಹೊಸಬನೂ ಏರಬಲ್ಲ. ಬಿದ್ದರೆ ತಡೆಯುವ ಜೋಡಣೆಯನ್ನು ಅದಕ್ಕೆ ಆಮೇಲೆ ಸೇರಿಸಿದ್ದು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ.

2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಶುರುಮಾಡಿತು. ಆರು ದಿನದ ಪಾಠ, ಕೈಗೊಂದು ಯಂತ್ರ, ಜೊತೆಗೆ ವಿಮೆ. ಕಲಿಯಲು ಹೆಂಗಸರೂ ಬಂದರು. ಅಪ್ಪನಿಂದ ಮಗನಿಗಷ್ಟೇ ಇಳಿಯುತ್ತಿದ್ದ ವಿದ್ಯೆ ಮೊದಲ ಸಲ ಜಾತಿ, ಮನೆತನ ದಾಟಿತು. ತೆಲಂಗಾಣ ಸರ್ಕಾರ 2024ರ ಜುಲೈಯಲ್ಲಿ ರಂಗಾರೆಡ್ಡಿ ಜಿಲ್ಲೆಯ ಲಷ್ಕರ್‌ಗುಡದಲ್ಲಿ ಗೀತ ಕಾರ್ಮಿಕರಿಗೆ ರಕ್ಷಣಾ ಪರಿಕರ ಹಂಚಲು ತೊಡಗಿತು. ಅದಕ್ಕೆ ಗೌಡರ ಕುಲದೈವ ಕಾಟಮಯ್ಯನ ಹೆಸರು. ಪಾಪನ್ನ ಸತ್ತು ಮುನ್ನೂರು ವರ್ಷ ಕಳೆದ ಮೇಲೆ, ಮೋಕಿನ ಜೊತೆಗೆ ಹಿಡಿಯುವ ಹಗ್ಗವೂ ಮರ ಹತ್ತಿತು.

ಇಷ್ಟು ತಡವಾಯಿತೇಕೆ? ಬಿದ್ದವನ ಬಗ್ಗೆ ನಾವು ಆಡುವ ಮಾತಿನಲ್ಲೇ ಉತ್ತರವಿದೆ. ‘ಪಾಪ, ಕೈ ತಪ್ಪಿತು, ಹಣೆಬರಹ’ ಎನ್ನುತ್ತೇವೆ. ಹಣೆಬರಹ ಅಂದಮೇಲೆ ಎರಡನೇ ಹಗ್ಗದ ಮಾತು ಏಳುವುದೇ ಇಲ್ಲ. ನಲವತ್ತು ವರ್ಷ ಹತ್ತಿದವನೂ ಒಂದು ದಿನ ಜಾರುತ್ತಾನೆ, ಅನುಭವ ಹಗ್ಗವಲ್ಲ.

ಊರಲ್ಲಿ ತೋಟವಿಟ್ಟುಕೊಂಡು ನಗರದಲ್ಲಿ ಕೂತ ನಮ್ಮಂಥವರು ಫೋನಿನಲ್ಲಿ ಆಡುವ ಮಾತು ಒಂದೇ: ‘ಈ ವರ್ಷ ಕೊನೆಗೌಡ ಸಿಕ್ಕಿದನಾ?’ ಅವನ ಮಗ ಯಾಕೆ ಮರ ಹತ್ತಲು ಒಲ್ಲೆ ಅಂದ ಅನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಮುಂದಿನ ಸಲ ಫೋನು ಮಾಡಿದಾಗ ಇನ್ನೊಂದು ಮಾತನ್ನೂ ಕೇಳೋಣ: ಸೊಂಟಕ್ಕೆ ಬೆಲ್ಟು ತೆಗೆದುಕೊಟ್ಟಿದ್ದೀರಾ? ಅದರ ದುಡ್ಡು ತೋಟದವರದ್ದೇ ಆಗಬೇಕು.